ವಾಫ್ ರೂಲ್ ಗ್ರೂಪನ್ನು ಕೋಡಿನಲ್ಲಿ ಬರೆಯಲು ಯಾವ ರೂಪ: ಎಚ್‌ಸಿಎಲ್, ಜೇಸನ್, ಸಿಡಿಕೆ, ಸೆಕ್‌ಲ್ಯಾಂಗ್

ಕಲಬುರಗಿಯ ಒಂದು ಕಾಲೇಜಿನ ಫಲಿತಾಂಶದ ಪೋರ್ಟಲ್ ಆಗಲಿ, ಬೀದರಿನ ಬಿದ್ರಿ ಸಾಮಾನು ಮಾರುವ ಸೈಟಾಗಲಿ, ಯಾದಗಿರಿಯ ಹತ್ತಿ ಜಿನ್ನಿಂಗ್ ಮಿಲ್ಲಿನ ಆರ್ಡರ್ ಪುಟವಾಗಲಿ, ನೋಡಿಕೊಳ್ಳುವವರು ಸಾಮಾನ್ಯವಾಗಿ ಇಬ್ಬರು ಮೂವರು. ಸೈಟಿಗೆ ಬರುವ ರಿಕ್ವೆಸ್ಟುಗಳನ್ನು ನೋಡಿ ಬಿಡುವ ಇಲ್ಲವೇ ತಡೆಯುವ ವೆಬ್ ಅಪ್ಲಿಕೇಶನ್ ಫೈರ್‌ವಾಲ್, ಅಂದರೆ ವಾಫ್, ಕ್ಲೌಡಿನ ಕನ್ಸೋಲಿನಲ್ಲಿ ಕ್ಲಿಕ್ ಮಾಡಿ ಹಾಕಿದ್ದಿರುತ್ತದೆ. ಯಾವ ರೂಲ್ ಯಾಕಿದೆ ಎಂದು ಕೇಳುವ ಹೊತ್ತಿಗೆ ಹಾಕಿದವರು ಬೆಂಗಳೂರಿಗೋ ಹೈದರಾಬಾದಿಗೋ ಕೆಲಸ ಬದಲಿಸಿ ಹೋಗಿರುತ್ತಾರೆ. ರೂಲುಗಳನ್ನು ಕೋಡಿಗೆ ತಂದು, ಪ್ರತಿ ಬದಲಾವಣೆಯ ಇತಿಹಾಸ ಉಳಿಸುವ ಗಿಟ್‌ನಲ್ಲಿ ಇಡಬೇಕು ಎಂಬುದಕ್ಕೆ ಯಾರದ್ದೂ ತಕರಾರಿಲ್ಲ. ತಕರಾರು ಹುಟ್ಟುವುದು ಯಾವ ರೂಪದಲ್ಲಿ ಬರೆಯಬೇಕು ಎಂಬಲ್ಲಿ.

ಇಲ್ಲಿ ಹೆಚ್ಚಿನ ಮಾತು ಅಮೆಜಾನಿನ ಕ್ಲೌಡ್ ಆದ ಎಡಬ್ಲ್ಯುಎಸ್‌ನ ವಾಫ್‌ನ ಎರಡನೇ ಆವೃತ್ತಿಯ ಬಗ್ಗೆ. ಅದು ಬಂದದ್ದು 2019ರ ನವೆಂಬರಿನಲ್ಲಿ; ಹಳೆಯ ಕ್ಲಾಸಿಕ್ ಆವೃತ್ತಿಯ ಬೆಂಬಲ 2025ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಕ್ಯಾಂಪಸ್ಸಿನಲ್ಲೇ ಸರ್ವರ್ ಇಟ್ಟುಕೊಂಡವರಿಗೆ ಮಾಡ್‌ಸೆಕ್ಯುರಿಟಿ ಎಂಬ ವಾಫ್‌ನ ರೂಲ್ ಭಾಷೆಯಾದ ಸೆಕ್‌ಲ್ಯಾಂಗ್ ಬಗ್ಗೆ ಬೇರೆ ಭಾಗವಿದೆ.

ಅವಸರದಲ್ಲಿರುವವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹತ್ತು ಹನ್ನೆರಡು ರೂಲು, ತರ್ಕ ಮೂರು ಹಂತದೊಳಗೆ ಇದ್ದರೆ ಕ್ಲೌಡನ್ನು ಕೋಡಿನಿಂದ ಕಟ್ಟುವ ಸಾಧನವಾದ ಟೆರಾಫಾರ್ಮಿನ ಎಚ್‌ಸಿಎಲ್ (ಅದರದೇ ಭಾಷೆ) ಬ್ಲಾಕುಗಳು ಸಾಕು. ತರ್ಕ ಅದಕ್ಕಿಂತ ಆಳಕ್ಕೆ ಇಳಿದರೆ, ಅಥವಾ ಒಂದೇ ಬಗೆಯ ರೂಲು ಹತ್ತು ಸೈಟಿಗೆ ಬೇಕಾದರೆ, ಚಿಕ್ಕ ಸ್ಕ್ರಿಪ್ಟಿನಿಂದ ಜೇಸನ್ (ಕೀ ಮತ್ತು ಮೌಲ್ಯಗಳ ದತ್ತಾಂಶ ರೂಪ) ಹುಟ್ಟಿಸಿ ಅದನ್ನೇ ಟೆರಾಫಾರ್ಮಿಗೆ ಕೊಡಿ. ತಂಡ ಆಗಲೇ ಟೈಪ್‌ಸ್ಕ್ರಿಪ್ಟ್ ಬರೆಯುತ್ತಿದ್ದರೆ ಮಾತ್ರ ಸಿಡಿಕೆ, ಅಂದರೆ ಅಂಥ ಭಾಷೆಯಲ್ಲೇ ಎಡಬ್ಲ್ಯುಎಸ್ ವ್ಯವಸ್ಥೆ ಬರೆಯುವ ಕಿಟ್. ಉಳಿದದ್ದೆಲ್ಲ ಇದರ ಕಾರಣಗಳು.

ರೂಲ್ ಗ್ರೂಪ್ ಒಳಗೆ ಏನಿದೆ

ಹೊರಗಿನಿಂದ ನೋಡಿದರೆ ರೂಲ್ ಗ್ರೂಪ್ ಒಂದು ಪಟ್ಟಿ. ಪ್ರತಿ ರೂಲಿಗೂ ಹೆಸರು, ಪ್ರಯಾರಿಟಿ ಸಂಖ್ಯೆ, ಆಕ್ಷನ್, ಮೆಟ್ರಿಕ್ ಹೆಸರು ಇರುವ ವಿಸಿಬಿಲಿಟಿ ಕಾನ್ಫಿಗ್, ಮತ್ತೆ ಒಂದು ಸ್ಟೇಟ್‌ಮೆಂಟ್, ಅಂದರೆ ರೂಲು ಯಾವ ರಿಕ್ವೆಸ್ಟಿಗೆ ಹೊಂದುತ್ತದೆ ಎಂಬ ಷರತ್ತು. ಪ್ರಯಾರಿಟಿ ಚಿಕ್ಕದಿದ್ದದ್ದು ಮೊದಲು ಓಡುತ್ತದೆ. ದಾಲ್ ಮಿಲ್ಲಿನ ಜರಡಿಗಳ ಹಾಗೆ, ಮೇಲಿನದು ಕೆಳಗೆ ಬಿಟ್ಟದ್ದು ಮಾತ್ರ ಮುಂದಿನದಕ್ಕೆ ಬರುತ್ತದೆ. ಇಲ್ಲಿಯವರೆಗೆ ಯಾವ ಭಾಷೆಯಲ್ಲಿ ಬರೆದರೂ ಒಂದೇ.

ತೊಂದರೆ ಇರುವುದು ಸ್ಟೇಟ್‌ಮೆಂಟಿನಲ್ಲಿ. ಅದು ಪಟ್ಟಿಯಲ್ಲ, ಮರ. ಆ್ಯಂಡ್, ಆರ್, ನಾಟ್ ಕೊಂಬೆಗಳು. ಐಪಿ ಸೆಟ್ (ಐಪಿ ವಿಳಾಸಗಳ ಪಟ್ಟಿ), ದೇಶ, ಪಾತ್, ರೀಜೆಕ್ಸ್ (ಅಕ್ಷರಗಳ ಮಾದರಿ) ಹೋಲಿಕೆಗಳು ಎಲೆಗಳು. ಒಂದು ಕೊಂಬೆಯೊಳಗೆ ಇನ್ನೊಂದು ಕೊಂಬೆ ಬರಬಹುದು. ಮರವನ್ನು ಎಲ್ಲಿ ಇಡುತ್ತೀರಿ ಎಂಬುದೇ ಇಡೀ ಹೋಲಿಕೆಯ ತಿರುಳು: ಎಚ್‌ಸಿಎಲ್ ಬ್ಲಾಕಿನಲ್ಲಿ, ಜೇಸನ್ ದತ್ತಾಂಶದಲ್ಲಿ, ಟೈಪ್ ಇರುವ ಫಂಕ್ಷನ್‌ನಲ್ಲಿ, ಅಥವಾ ಒಂದು ಸಾಲಿನ ಸ್ಟ್ರಿಂಗಿನಲ್ಲಿ.

ಉದಾಹರಣೆಗೆ ಫಲಿತಾಂಶದ ಪೋರ್ಟಲಿನ ಈ ರೂಲು ತೆಗೆದುಕೊಳ್ಳಿ. ಪಾತ್ ‘ರಿಸಲ್ಟ್’ ಇಲ್ಲವೇ ‘ಹಾಲ್‌ಟಿಕೆಟ್’ ಎಂದು ಶುರುವಾಗಿರಬೇಕು. ಬಂದವರು ಕ್ಯಾಂಪಸ್ ಐಪಿಯವರೂ ಅಲ್ಲ, ಭಾರತದಿಂದ ಗೆಟ್ (ಪುಟ ತರಿಸುವ ರಿಕ್ವೆಸ್ಟ್) ಮಾಡುತ್ತಿರುವವರೂ ಅಲ್ಲ ಎಂದಾದರೆ ತಡೆ. ಓದಿದ ಹಾಗೇ ಬರೆದರೆ ಆ್ಯಂಡ್ ಒಳಗೆ ನಾಟ್, ನಾಟ್ ಒಳಗೆ ಆರ್, ಆರ್ ಒಳಗೆ ಇನ್ನೊಂದು ಆ್ಯಂಡ್: ನಾಲ್ಕು ಹಂತ. ಈ ರೂಲನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಯಾವ ರೂಪ ಆರಿಸಿದರೂ ಬದಲಾಗದ ಕೆಲವು ಕಟ್ಟುಗಳಿವೆ. ಆ್ಯಂಡ್, ಆರ್ ಒಳಗೆ ಕನಿಷ್ಠ ಎರಡು ಸ್ಟೇಟ್‌ಮೆಂಟ್ ಇರಲೇಬೇಕು. ನಾಟ್ ಒಳಗೆ ಒಂದೇ. ದರ ಮಿತಿಯ ಸ್ಟೇಟ್‌ಮೆಂಟನ್ನು ಬೇರೆ ಸ್ಟೇಟ್‌ಮೆಂಟಿನ ಒಳಗೆ ತುರುಕಲು ಬರುವುದಿಲ್ಲ. ರೂಲ್ ಗ್ರೂಪಿನೊಳಗೆ ಇನ್ನೊಂದು ರೂಲ್ ಗ್ರೂಪ್ ಬರುವುದಿಲ್ಲ. ಮ್ಯಾನೇಜ್ಡ್ ಗ್ರೂಪುಗಳನ್ನು, ಅಂದರೆ ಎಡಬ್ಲ್ಯುಎಸ್ ಸಿದ್ಧಮಾಡಿ ಕೊಡುವಂಥವನ್ನು, ವೆಬ್ ಎಸಿಎಲ್ (ಸೈಟಿಗೆ ಜೋಡಿಸುವ ಮೇಲಿನ ರೂಲ್ ಪಟ್ಟಿ) ಮಟ್ಟದಲ್ಲೇ ಸೇರಿಸಬೇಕು. ಒಂದು ಗ್ರೂಪಿನಲ್ಲಿ ಎರಡು ರೂಲಿಗೆ ಒಂದೇ ಪ್ರಯಾರಿಟಿ ಇರಕೂಡದು.

ಇನ್ನೊಂದು ಬಹಳ ಜನ ಎಡವುವ ಜಾಗ: ನಿಮ್ಮ ಗ್ರೂಪಿನೊಳಗಿನ ರೂಲಿಗೆ ‘ಆಕ್ಷನ್’ ಬೇಕು. ಆದರೆ ವೆಬ್ ಎಸಿಎಲ್‌ನಲ್ಲಿ ಆ ಗ್ರೂಪನ್ನು ಕರೆಯುವ ರೂಲಿಗೆ ‘ಓವರ್‌ರೈಡ್ ಆಕ್ಷನ್’ ಬೇಕು, ಅದರ ಮೌಲ್ಯ ‘ನನ್’ (ಏನೂ ಬದಲಿಸಬೇಡ) ಅಥವಾ ‘ಕೌಂಟ್’ (ತಡೆಯದೆ ಎಣಿಸು). ಅದಲು ಬದಲಾದರೆ ಸರ್ವಿಸ್ ಕೊಡುವ ಎರರ್, ಒಂದೇ ಮೌಲ್ಯ ಇರಬೇಕಾದ ಫೀಲ್ಡಿನಲ್ಲಿ ಒಂದೂ ಇಲ್ಲ ಅಥವಾ ಹೆಚ್ಚಿವೆ ಎಂದಷ್ಟೇ ಹೇಳುತ್ತದೆ. ಯಾವ ರೂಲು ಎಂದು ಅದರಿಂದ ತಿಳಿಯುವುದಿಲ್ಲ. ಆರ್ ಒಳಗೆ ಒಂದೇ ಸ್ಟೇಟ್‌ಮೆಂಟ್ ಉಳಿದಿದೆಯೇ, ಆಕ್ಷನ್ ಬಿಟ್ಟುಹೋಗಿದೆಯೇ ಎಂದು ಒಂದೊಂದಾಗಿ ಹುಡುಕಬೇಕು.

ಕೆಪ್ಯಾಸಿಟಿ: ಮೊದಲು ಲೆಕ್ಕ, ಆಮೇಲೆ ಕೋಡು

ರೂಲ್ ಗ್ರೂಪ್ ಹುಟ್ಟಿಸುವಾಗಲೇ ಅದರ ಕೆಪ್ಯಾಸಿಟಿಯನ್ನು ಡಬ್ಲ್ಯುಸಿಯು (ರೂಲು ಓಡಿಸುವ ಹೊರೆಯ ಅಳತೆ) ಲೆಕ್ಕದಲ್ಲಿ ಕೊಡಬೇಕು. ಒಮ್ಮೆ ಕೊಟ್ಟದ್ದನ್ನು ಬದಲಿಸಲು ಬರುವುದಿಲ್ಲ. ಇದೊಂದು ನಿಯಮವೇ ಕೋಡಿನ ಆಕಾರವನ್ನು ಅರ್ಧ ನಿರ್ಧರಿಸುತ್ತದೆ, ಆದರೂ ಹೆಚ್ಚಿನ ಮಾರ್ಗದರ್ಶಿಗಳು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

ಬೆಲೆಗಳು ಹೀಗಿವೆ. ಐಪಿ ಸೆಟ್, ದೇಶ, ಲೇಬಲ್ (ಹಿಂದಿನ ರೂಲು ರಿಕ್ವೆಸ್ಟಿಗೆ ಹಚ್ಚಿದ ಗುರುತು), ಗಾತ್ರ: ತಲಾ 1. ಸ್ಟ್ರಿಂಗ್ ಹೀಗೆ ಶುರುವಾಗಬೇಕು ಅಥವಾ ಸರಿಯಾಗಿ ಇಷ್ಟೇ ಇರಬೇಕು: 2. ಒಳಗೆ ಎಲ್ಲಾದರೂ ಇರಬೇಕು: 10. ಒಂದು ರೀಜೆಕ್ಸ್: 3, ರೀಜೆಕ್ಸ್ ಪ್ಯಾಟರ್ನ್ ಸೆಟ್: 25. ಎಸ್‌ಕ್ಯುಎಲ್ ಇಂಜೆಕ್ಷನ್ ಕಡಿಮೆ ಸೂಕ್ಷ್ಮತೆಯಲ್ಲಿ 20, ಹೆಚ್ಚಿನದರಲ್ಲಿ 30. ಎಕ್ಸ್‌ಎಸ್‌ಎಸ್ (ಪುಟಕ್ಕೆ ಸ್ಕ್ರಿಪ್ಟ್ ನುಸುಳಿಸುವ ದಾಳಿ): 40. ದರ ಮಿತಿ: 2, ಜೊತೆಗೆ ಅದರ ಸ್ಕೋಪ್ ಡೌನ್ ಸ್ಟೇಟ್‌ಮೆಂಟಿನ (ಯಾವ ರಿಕ್ವೆಸ್ಟುಗಳನ್ನು ಎಣಿಸಬೇಕು ಎಂಬ ಷರತ್ತಿನ) ಬೆಲೆ. ಸಣ್ಣಕ್ಷರ ಮಾಡುವುದು, ಯುಆರ್‌ಎಲ್ ಡಿಕೋಡ್ ಮಾಡುವುದು ಮುಂತಾದ ಟೆಕ್ಸ್ಟ್ ಟ್ರಾನ್ಸ್‌ಫಾರ್ಮೇಶನ್‌ಗೆ 10. ಅಂದರೆ 2ರ ಪಾತ್ ಹೋಲಿಕೆ, ಸಣ್ಣಕ್ಷರ ಸೇರಿದೊಡನೆ 12 ಆಗುತ್ತದೆ. ಬಾಯಿಲೆಕ್ಕ ಅಂದಾಜಿಗೆ ಸಾಕು. ಕೊನೆಯ ಸಂಖ್ಯೆಯನ್ನು ‘ಚೆಕ್ ಕೆಪ್ಯಾಸಿಟಿ’ ಎಂಬ ಎಪಿಐ ಕರೆಯಿಂದಲೇ ತೆಗೆಯಿರಿ.

ಈಗ ವೆಬ್ ಎಸಿಎಲ್ ಕಡೆ ನೋಡಿ. 1,500 ಡಬ್ಲ್ಯುಸಿಯುವರೆಗೆ ಮೂಲ ದರ; ಗರಿಷ್ಠ 5,000, ಆದರೆ 1,500 ದಾಟಿದ ಮೇಲೆ ಬರುವ ರಿಕ್ವೆಸ್ಟುಗಳ ಮೇಲೆ ಹೆಚ್ಚುವರಿ ದುಡ್ಡು. ಮ್ಯಾನೇಜ್ಡ್ ಗ್ರೂಪುಗಳಲ್ಲಿ ಕೋರ್ ರೂಲ್ ಸೆಟ್ 700, ನೋನ್ ಬ್ಯಾಡ್ ಇನ್‌ಪುಟ್ಸ್ 200, ಎಸ್‌ಕ್ಯುಎಲ್ ಡೇಟಾಬೇಸ್ 200, ಐಪಿ ರೆಪ್ಯುಟೇಶನ್ 25. ಒಟ್ಟು 1,125. ಉಳಿದದ್ದು 375. ವೆಬ್ ಎಸಿಎಲ್ ಲೆಕ್ಕ ಹಾಕುವುದು ನಿಮ್ಮ ಗ್ರೂಪ್ ನಿಜವಾಗಿ ಬಳಸಿದಷ್ಟನ್ನಲ್ಲ, ಘೋಷಿಸಿದ ಕೆಪ್ಯಾಸಿಟಿಯನ್ನು. ಹಾಗಾಗಿ ‘ಮುಂದೆ ಬೇಕಾದೀತು’ ಎಂದು 500 ಬರೆದುಬಿಟ್ಟರೆ ಒಳಗೆ ಮೂರೇ ರೂಲಿದ್ದರೂ ಬಿಲ್ಲು ಏರುತ್ತದೆ. 60 ಬೇಕಾದಲ್ಲಿ 60 ಎಂದೇ ಬರೆದರೆ ಮುಂದಿನ ರೂಲು ಸೇರಿಸುವಾಗ ಹೊಸ ಗ್ರೂಪನ್ನೇ ಕಟ್ಟಬೇಕು. ಈಗ ಬೇಕಾದದ್ದರ ಎರಡರಷ್ಟು, ಆದರೆ 300ರ ಒಳಗೆ: ಸಣ್ಣ ಸೈಟಿಗೆ ಇದು ಸರಿಹೋಗುತ್ತದೆ.

ಕೆಪ್ಯಾಸಿಟಿ ಬದಲಿಸಿದರೆ ಟೆರಾಫಾರ್ಮ್ ಗ್ರೂಪನ್ನು ಅಳಿಸಿ ಮತ್ತೆ ಕಟ್ಟಲು ಹೊರಡುತ್ತದೆ. ಅಳಿಸಲು ಆಗುವುದಿಲ್ಲ, ಯಾಕೆಂದರೆ ವೆಬ್ ಎಸಿಎಲ್ ಅದನ್ನು ಹಿಡಿದುಕೊಂಡಿದೆ. ಬಳಕೆಯಲ್ಲಿದೆ ಎಂಬ ಎರರ್ ಬಂದು ಅಪ್ಲೈ, ಅಂದರೆ ಬದಲಾವಣೆ ಜಾರಿಮಾಡುವ ಹಂತ, ಅರ್ಧಕ್ಕೆ ನಿಲ್ಲುತ್ತದೆ. ಪರಿಹಾರ ‘ಕ್ರಿಯೇಟ್ ಬಿಫೋರ್ ಡಿಸ್ಟ್ರಾಯ್’, ಅಂದರೆ ಹೊಸದನ್ನು ಕಟ್ಟಿದ ಮೇಲೆ ಹಳೆಯದನ್ನು ಅಳಿಸುವುದು. ಆದರೆ ಹೆಸರು ಅದೇ ಇದ್ದರೆ ಈಗ ಆ ಹೆಸರು ಆಗಲೇ ಇದೆ ಎಂಬ ಎರರ್. ಆದ್ದರಿಂದ ಹೆಸರಿನ ಕೊನೆಗೆ ಆವೃತ್ತಿ ಸಂಖ್ಯೆ ಹಾಕಿ, ಕೆಪ್ಯಾಸಿಟಿಯನ್ನೂ ಅದನ್ನೂ ಒಟ್ಟಿಗೇ ಬದಲಿಸಿ. ‘ನೇಮ್ ಪ್ರಿಫಿಕ್ಸ್’ ಕೂಡ ಕೆಲಸ ಮಾಡುತ್ತದೆ, ಆದರೆ ಅದರಲ್ಲೊಂದು ಮುಳ್ಳಿದೆ: ನಿಮ್ಮ ಗ್ರೂಪ್ ಹಚ್ಚುವ ಲೇಬಲ್ಲಿನ ಪೂರ್ಣ ಹೆಸರಿನಲ್ಲಿ ಗ್ರೂಪಿನ ಹೆಸರೂ ಇರುತ್ತದೆ. ಗ್ರೂಪಿನ ಹೆಸರು ಬದಲಾದರೆ, ಹೊರಗಿನಿಂದ ಆ ಲೇಬಲ್ ನೋಡುವ ವೆಬ್ ಎಸಿಎಲ್ ರೂಲು ಏನನ್ನೂ ಹಿಡಿಯುವುದಿಲ್ಲ, ಎರರನ್ನೂ ಕೊಡುವುದಿಲ್ಲ. ಲೇಬಲ್ ಕೀಯನ್ನು ಕೈಯಿಂದ ಬರೆಯದೆ, ಗ್ರೂಪಿನ ಹೆಸರಿನಿಂದಲೇ ಕೋಡಿನಲ್ಲಿ ಕಟ್ಟಿಸಿ.

ಎಚ್‌ಸಿಎಲ್ ಬ್ಲಾಕು

ಟೆರಾಫಾರ್ಮ್ ಅಥವಾ ಅದರ ಕವಲಾದ ಓಪನ್‌ಟೋಫು ಬಳಸುವವರು ಮೊದಲು ಬರುವುದು ಇಲ್ಲಿಗೆ. ಓದಲು ಸಲೀಸು, ಐಪಿ ಸೆಟ್ಟಿನ ಎಆರ್‌ಎನ್ (ಎಡಬ್ಲ್ಯುಎಸ್‌ನಲ್ಲಿ ಅದರ ಪೂರ್ಣ ವಿಳಾಸ) ಅನ್ನು ನೇರ ರೆಫರೆನ್ಸ್ ಕೊಟ್ಟರೆ ಯಾವುದು ಮೊದಲು ಹುಟ್ಟಬೇಕು ಎಂಬುದನ್ನು ಅದೇ ನೋಡಿಕೊಳ್ಳುತ್ತದೆ, ಫೀಲ್ಡಿನ ಹೆಸರು ತಪ್ಪಿದರೆ ಪ್ಲಾನ್ ಹಂತದಲ್ಲೇ, ಅಂದರೆ ಏನು ಬದಲಾಗಲಿದೆ ಎಂದು ಮೊದಲೇ ತೋರಿಸುವಾಗಲೇ, ಸಿಕ್ಕಿಬೀಳುತ್ತದೆ. ಇಂಟರ್‌ನೆಟ್ ಆಗಾಗ ಕೈಕೊಡುವ ಕಡೆ, ಎಪಿಐ ಮುಟ್ಟದೆ ‘ವ್ಯಾಲಿಡೇಟ್’ ಮಾಡಿ ಅರ್ಧ ತಪ್ಪು ಹಿಡಿಯುವುದು ಚಿಕ್ಕ ಅನುಕೂಲವಲ್ಲ.

ಮಿತಿಗಳು ಮೂರು, ಮೂರೂ ಗಂಭೀರ.

ಮೊದಲನೆಯದು ಆಳ. ಪ್ರೊವೈಡರಿನ (ಟೆರಾಫಾರ್ಮನ್ನು ಎಡಬ್ಲ್ಯುಎಸ್‌ಗೆ ಜೋಡಿಸುವ ಭಾಗ) ಸ್ಕೀಮಾ ತನ್ನನ್ನು ತಾನೇ ಕರೆಯಲು ಬರುವುದಿಲ್ಲವಾದ್ದರಿಂದ ಮರವನ್ನು ಮೂರು ತರ್ಕ ಹಂತಕ್ಕೆ ಕತ್ತರಿಸಿಟ್ಟಿದ್ದಾರೆ. ಮೂರರ ಕೆಳಗೆ ಎಲೆ ಮಾತ್ರ. ಮೇಲಿನ ನಾಲ್ಕು ಹಂತದ ರೂಲು ಹಾಗೇ ಬರೆದರೆ ಹೋಗುವುದಿಲ್ಲ. ಆದರೆ ಹತಾಶೆ ಬೇಡ. ‘ಕ್ಯಾಂಪಸ್ ಅಥವಾ ಭಾರತದ ಗೆಟ್, ಇವೆರಡೂ ಅಲ್ಲ’ ಎಂಬುದನ್ನು ಡಿ ಮಾರ್ಗನ್ ನಿಯಮದಿಂದ ಬಿಚ್ಚಿದರೆ ‘ಕ್ಯಾಂಪಸ್ ಅಲ್ಲ, ಮತ್ತು, ಗೆಟ್ ಅಲ್ಲ ಅಥವಾ ಭಾರತವಲ್ಲ’ ಎಂದಾಗುತ್ತದೆ. ಈಗ ಆ್ಯಂಡ್, ಅದರೊಳಗೆ ಆರ್, ಅದರೊಳಗೆ ನಾಟ್, ಆಮೇಲೆ ಎಲೆ. ಮೂರು ಹಂತ, ಹೊಂದಿಕೊಂಡಿತು. ಪಿಯುಸಿಯಲ್ಲಿ ಕಲಿತ ಬೂಲಿಯನ್ ಬೀಜಗಣಿತಕ್ಕೆ ಇಲ್ಲಿ ನಿಜಕ್ಕೂ ಕೆಲಸವಿದೆ.

ಬಿಚ್ಚಲಾಗದಷ್ಟು ಗಂಟಾದರೆ ಲೇಬಲ್ ಬಳಸಿ ಚಪ್ಪಟೆ ಮಾಡಿ. ಮೊದಲ ರೂಲು ಆಕ್ಷನ್ ‘ಕೌಂಟ್’ ಇಟ್ಟು, ಕ್ಯಾಂಪಸ್ ಐಪಿಗೆ ‘ನಂಬಿಕಸ್ಥ’ ಎಂಬರ್ಥದ ಲೇಬಲ್ ಹಚ್ಚುತ್ತದೆ. ಎರಡನೆಯದು ಭಾರತದ ಗೆಟ್‌ಗೆ ಅದೇ ಲೇಬಲ್ ಹಚ್ಚುತ್ತದೆ. ಮೂರನೆಯದು ಪಾತ್ ಹೊಂದಿ, ಲೇಬಲ್ ಇಲ್ಲದವರನ್ನು ತಡೆಯುತ್ತದೆ. ಆರು ತಿಂಗಳ ಮೇಲೆ ಓದುವವರಿಗೆ ಇದು ಮರಕ್ಕಿಂತ ಬೇಗ ಅರ್ಥವಾಗುತ್ತದೆ, ಕೌಂಟ್ ಮೆಟ್ರಿಕ್‌ನಿಂದ ಎಷ್ಟು ಜನ ಯಾವ ಗುಂಪಿಗೆ ಸೇರಿದರು ಎಂದೂ ಗೊತ್ತಾಗುತ್ತದೆ. ಖರ್ಚು: ಪ್ರತಿ ರೂಲಿಗೆ ತಿಂಗಳಿಗೆ 1 ಡಾಲರ್. ಎರಡು ರೂಲು ಹೆಚ್ಚಾದರೆ ಎರಡು ಡಾಲರ್. ನಮ್ಮ ಮಟ್ಟಿಗೆ ಕೊಡಬಹುದಾದ ಬೆಲೆ.

ಎರಡನೆಯದು ಡಿಫ್. ರೂಲುಗಳು ಟೆರಾಫಾರ್ಮಿನಲ್ಲಿ ಸೆಟ್ ಆಗಿ ಕೂತಿವೆ, ಪಟ್ಟಿಯಾಗಿ ಅಲ್ಲ. ಒಂದು ಪಾತ್‌ನಲ್ಲಿ ಒಂದಕ್ಷರ ಬದಲಿಸಿದರೂ ಆ ರೂಲು ಪೂರ್ತಿ ಹೋಗಿ ಪೂರ್ತಿ ಬಂದ ಹಾಗೆ ಪ್ಲಾನ್ ತೋರಿಸುತ್ತದೆ. ನಿಜದಲ್ಲಿ ರೂಲು ಮಾಯವಾಗಿ ಮರಳುವುದಿಲ್ಲ. ಅಪ್‌ಡೇಟ್ ಕರೆ ಇಡೀ ಪಟ್ಟಿಯನ್ನು ಒಟ್ಟಿಗೇ ಬದಲಿಸುತ್ತದೆ. ಆದರೆ ರಿವ್ಯೂ ಮಾಡುವವರು ನೂರಿನ್ನೂರು ಸಾಲಿನ ಕೆಂಪು ಹಸಿರು ನೋಡಿ ಕಣ್ಣುಮುಚ್ಚಿ ಒಪ್ಪಿಗೆ ಕೊಟ್ಟುಬಿಡುತ್ತಾರೆ. ಅದಕ್ಕೇ ಪ್ಲಾನಿಗಿಂತ ಗಿಟ್ ಡಿಫ್ ಓದುವ ರೂಢಿ ಮಾಡಿ, ಪ್ಲಾನಿನಲ್ಲಿ ಗ್ರೂಪ್ ರಿಪ್ಲೇಸ್ ಆಗುತ್ತಿದೆಯೇ ಎಂಬುದನ್ನು ಮಾತ್ರ ನೋಡಿ.

ಮೂರನೆಯದು ‘ಡೈನಾಮಿಕ್’ ಬ್ಲಾಕು. ಪಾತ್‌ಗಳ ಪಟ್ಟಿಯನ್ನು ವೇರಿಯಬಲ್‌ನಲ್ಲಿಟ್ಟು ಆರ್ ಒಳಗೆ ಸುತ್ತಿಸಿದಿರಿ ಎನ್ನಿ. ಪಟ್ಟಿಯಲ್ಲಿ ಎರಡು ಮೂರು ಇರುವ ತನಕ ಸರಿ. ಯಾರೋ ಒಂದನ್ನು ತೆಗೆದು ಒಂದೇ ಉಳಿಸಿದ ದಿನ ಆರ್‌ಗೆ ಕನಿಷ್ಠ ಎರಡು ಬೇಕೆಂಬ ನಿಯಮ ಮುರಿಯುತ್ತದೆ. ಒಂದಿದ್ದಾಗ ನೇರ ಸ್ಟೇಟ್‌ಮೆಂಟ್, ಎರಡು ಅಥವಾ ಹೆಚ್ಚಿದ್ದಾಗ ಆರ್ ಎಂದು ಎರಡು ಡೈನಾಮಿಕ್ ಬ್ಲಾಕು ಬರೆಯಬೇಕಾಗುತ್ತದೆ. ಅದನ್ನು ಮೂರು ಹಂತದಲ್ಲಿ ಮಾಡಿದರೆ ಓದಲು ಬಾರದ ಕೋಡು. ಪಾತ್‌ಗಳ ಪಟ್ಟಿ ಆಗಾಗ ಬದಲಾಗುವುದಾದರೆ ರೀಜೆಕ್ಸ್ ಪ್ಯಾಟರ್ನ್ ಸೆಟ್ ಮಾಡಿ: 25 ಡಬ್ಲ್ಯುಸಿಯು, ಒಂದು ಸೆಟ್ಟಿನಲ್ಲಿ 10 ಪ್ಯಾಟರ್ನ್. ಪಟ್ಟಿ ಬದಲಾದರೂ ರೂಲು ಬದಲಾಗದು.

ಪ್ರಯಾರಿಟಿಯನ್ನು ಪಟ್ಟಿಯ ಸ್ಥಾನದಿಂದ ಲೆಕ್ಕ ಹಾಕಿಸಬೇಡಿ. ನಡುವೆ ಒಂದು ಸೇರಿಸಿದರೆ ಕೆಳಗಿನದೆಲ್ಲ ಜರುಗುತ್ತದೆ. 10, 20, 30 ಎಂದು ಕೈಯಲ್ಲೇ ಬರೆಯಿರಿ.

ಟೆರಾಫಾರ್ಮಿನೊಳಗೆ ಜೇಸನ್

ಪ್ರೊವೈಡರಿನಲ್ಲಿ ರೂಲ್ ಗ್ರೂಪಿಗೆ ‘ರೂಲ್ಸ್ ಜೇಸನ್’, ವೆಬ್ ಎಸಿಎಲ್‌ಗೆ ‘ರೂಲ್ ಜೇಸನ್’ ಎಂಬ ಆರ್ಗ್ಯುಮೆಂಟ್ ಬಂದಿದೆ. ಮೂರು ಹಂತದ ಮಿತಿ ದಾಟಲೆಂದೇ ಇರುವುದು ಅದು. ಬ್ಲಾಕು ಮತ್ತು ಜೇಸನ್ ಎರಡನ್ನೂ ಒಂದೇ ಗ್ರೂಪಿನಲ್ಲಿ ಬೆರೆಸಲು ಬರುವುದಿಲ್ಲ. ಕೆಪ್ಯಾಸಿಟಿಯನ್ನು ಹೊರಗೆ ಬರೆಯಲೇಬೇಕು.

ಇದರ ದೊಡ್ಡ ಲಾಭ ಆಳವಲ್ಲ, ಅದೇ ಫೈಲನ್ನು ಬೇರೆ ಕಡೆಯೂ ಬಳಸಬಹುದು ಎಂಬುದು. ಪೈಪ್‌ಲೈನಿನಲ್ಲಿ ಅದೇ ಜೇಸನ್ ಕೊಟ್ಟು ಚೆಕ್ ಕೆಪ್ಯಾಸಿಟಿ ಕರೆದರೆ ಅಪ್ಲೈಗೆ ಮುಂಚೆಯೇ ಸಂಖ್ಯೆ ಸಿಗುತ್ತದೆ, ರೂಲು ರಚನೆಯ ತಪ್ಪೂ ಸಿಗುತ್ತದೆ. ಎಚ್‌ಸಿಎಲ್ ಬ್ಲಾಕನ್ನು ಹಾಗೆ ಕೊಡಲು ಬರುವುದಿಲ್ಲ. ಇದು ಬಹಳ ಮುಖ್ಯ, ಯಾಕೆಂದರೆ ಜೇಸನ್ ಸ್ಟ್ರಿಂಗಿನೊಳಗಿನ ಫೀಲ್ಡುಗಳಿಗೆ ಪ್ಲಾನ್ ಹಂತದಲ್ಲಿ ಬ್ಲಾಕುಗಳಿಗಾಗುವಷ್ಟು ತಪಾಸಣೆ ಆಗದು. ಚೆಕ್ ಕೆಪ್ಯಾಸಿಟಿ ಇಲ್ಲದೆ ಜೇಸನ್ ದಾರಿ ಹಿಡಿಯಬೇಡಿ.

ಕೆಡುವುದು ಎಲ್ಲಿ? ಒಂದು, ಎಆರ್‌ಎನ್. ಕನ್ಸೋಲಿನಿಂದ ನಕಲು ಮಾಡಿದ ಜೇಸನ್‌ನಲ್ಲಿ ಅಕೌಂಟ್ ಸಂಖ್ಯೆ, ರೀಜನ್ ಎರಡೂ ಹುಗಿದಿರುತ್ತವೆ. ಫೈಲನ್ನು ನೇರ ಓದಿಸದೆ ‘ಟೆಂಪ್ಲೇಟ್ ಫೈಲ್’ ಅಥವಾ ‘ಜೇಸನ್ ಎನ್‌ಕೋಡ್’ ಮೂಲಕ ಐಪಿ ಸೆಟ್ಟಿನ ರೆಫರೆನ್ಸ್ ಕೊಡಿ. ಇಲ್ಲದಿದ್ದರೆ ಮುಂಬೈಯಿಂದ ಹೈದರಾಬಾದ್ ರೀಜನ್‌ಗೆ ಸರಿಯುವ ದಿನ ಎಲ್ಲ ಒಡೆಯುತ್ತದೆ. ಎಡಬ್ಲ್ಯುಎಸ್‌ನ ವಿತರಣಾ ಜಾಲವಾದ ಕ್ಲೌಡ್‌ಫ್ರಂಟ್ ಮುಂದೆ ಕೂರುವ ವಾಫ್ ಆದರೆ ಎಲ್ಲವೂ ಯುಎಸ್ ಈಸ್ಟ್ 1ರಲ್ಲೇ ಇರಬೇಕು ಎಂಬುದನ್ನೂ ಮರೆಯಬೇಡಿ.

ಎರಡು, ಹುಡುಕುವ ಸ್ಟ್ರಿಂಗು. ಕನ್ಸೋಲಿನ ಜೇಸನ್ ಎಡಿಟರಿನಲ್ಲಿ ಅದು ಸಾದಾ ಅಕ್ಷರ. ಕಮಾಂಡ್ ಲೈನಿನ ಎರಡನೇ ಆವೃತ್ತಿಯಲ್ಲಿ ಅದೇ ಫೀಲ್ಡು ಬೇಸ್ 64 ಎಂಬ ಸಂಕೇತ ರೂಪದಲ್ಲಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಗೇ ಅಂಟಿಸಿದರೆ ರೂಲು ಹುಟ್ಟಿಯೂ ಹುಟ್ಟೀತು, ಆದರೆ ಯಾರೂ ಕಳಿಸದ ಅಕ್ಷರಗಳನ್ನು ಹುಡುಕುತ್ತಾ ಕೂತಿರುತ್ತದೆ. ಅಪ್ಲೈ ಆದ ಮೇಲೆ ಕನ್ಸೋಲಿನಲ್ಲಿ ಆ ಒಂದು ಫೀಲ್ಡನ್ನು ಕಣ್ಣಾರೆ ನೋಡಿ, ಒಂದು ಪರೀಕ್ಷಾ ರಿಕ್ವೆಸ್ಟ್ ಕಳಿಸಿ.

ಕೈಯಿಂದ ಜೇಸನ್ ಬರೆಯುವುದು ಹಿಂಸೆ. ಪೈಥಾನ್ ಗೊತ್ತಿರುವವರು ನಾಲ್ಕೈದು ಫಂಕ್ಷನ್ ಬರೆದರೆ ಸಾಕು: ಎಲ್ಲವೂ, ಯಾವುದಾದರೂ, ಅಲ್ಲ, ಪಾತ್ ಶುರು, ಐಪಿ. ‘ಯಾವುದಾದರೂ’ ಫಂಕ್ಷನ್ನಿಗೆ ಒಂದೇ ಸ್ಟೇಟ್‌ಮೆಂಟ್ ಬಂದರೆ ಆರ್ ಸುತ್ತದೆ ಅದನ್ನೇ ವಾಪಸ್ ಕೊಡಲಿ. ಖಾಲಿ ಪಟ್ಟಿ ಬಂದರೆ ಸುಮ್ಮನಿರದೆ ಎರರ್ ಎಸೆಯಲಿ. ಖಾಲಿ ಪಟ್ಟಿಗೆ ರೂಲನ್ನೇ ಬಿಟ್ಟುಬಿಡುವ ಸ್ಕ್ರಿಪ್ಟು ಒಂದು ದಿನ ಅಡ್ಮಿನ್ ಪುಟವನ್ನು ಲೋಕಕ್ಕೆಲ್ಲ ತೆರೆದಿಡುತ್ತದೆ. ಹುಟ್ಟಿದ ಜೇಸನ್‌ನ ಕೀಗಳನ್ನು ಅಕಾರಾದಿಯಲ್ಲಿ ಜೋಡಿಸಿ, ಫೈಲನ್ನೂ ಗಿಟ್‌ಗೆ ಹಾಕಿ. ರಿವ್ಯೂ ಮಾಡುವ ನೆಟ್‌ವರ್ಕ್ ಇನ್‌ಚಾರ್ಜ್‌ಗೆ ಪೈಥಾನ್ ಬಾರದಿದ್ದರೂ ಫಲಿತ ಕಾಣಬೇಕು.

ಕ್ಲೌಡ್‌ಫಾರ್ಮೇಶನ್ ಮತ್ತು ಸಿಡಿಕೆ

ಎಡಬ್ಲ್ಯುಎಸ್‌ನದೇ ಕಟ್ಟುವ ಸಾಧನವಾದ ಕ್ಲೌಡ್‌ಫಾರ್ಮೇಶನ್‌ನಲ್ಲಿ ಆಳದ ಮಿತಿ ಈ ಬಗೆಯಲ್ಲಿ ಕಾಡುವುದಿಲ್ಲ. ಸ್ಟ್ರಿಂಗಿಗೆ ಸಾದಾ ಮತ್ತು ಬೇಸ್ 64 ಎರಡು ಬೇರೆ ಬೇರೆ ಫೀಲ್ಡು ಇರುವುದರಿಂದ ಆ ಗೊಂದಲವೂ ಇಲ್ಲ. ಆದರೆ ಅದರ ಫೈಲ್ ರೂಪವಾದ ಯಾಮಲ್‌ನಲ್ಲಿ ನಾಲ್ಕು ಹಂತದ ಮರ ಎಂದರೆ ಪರದೆಯ ಬಲ ಅಂಚಿಗೆ ಹೋಗುವ ಇಂಡೆಂಟು. ಒಂದು ಸ್ಪೇಸ್ ತಪ್ಪಿದರೆ ಸ್ಟೇಟ್‌ಮೆಂಟ್ ಬೇರೆ ಕೊಂಬೆಗೆ ಜಾರುತ್ತದೆ, ತರ್ಕ ಬದಲಾಗುತ್ತದೆ, ಫೈಲು ಮಾತ್ರ ಸರಿಯಾಗೇ ಪಾಸಾಗುತ್ತದೆ. ಫೈರ್‌ವಾಲಿಗೆ ಇದು ಒಳ್ಳೆಯ ಗುಣವಲ್ಲ. ಟೆಂಪ್ಲೇಟನ್ನು ನೇರ ಕಳಿಸಿದರೆ 51,200 ಬೈಟು, ಎಸ್3 ಮೂಲಕ 1 ಎಂಬಿ.

ಸಿಡಿಕೆ ಅದರ ಮೇಲೆ ಕೂತ ಪದರ. ವಾಫ್‌ಗೆ ಕೆಳಮಟ್ಟದ, ಅಂದರೆ ಕ್ಲೌಡ್‌ಫಾರ್ಮೇಶನ್ನಿನ ನೇರ ನಕಲಾದ ಕನ್‌ಸ್ಟ್ರಕ್ಟ್‌ಗಳಷ್ಟೇ ಇವೆ. ಎಸ್3 ಬಕೆಟ್ಟಿಗಿರುವಂಥ ಸುಖದ ಪದರವಿಲ್ಲ. ಆದರೆ ಟೈಪ್‌ಸ್ಕ್ರಿಪ್ಟ್ ಟೈಪುಗಳು ತಮ್ಮನ್ನೇ ಕರೆಯಬಲ್ಲವು, ಮರ ಎಷ್ಟು ಆಳವಾದರೂ ಎಡಿಟರ್ ತಪ್ಪು ತೋರಿಸುತ್ತದೆ. ಮೇಲೆ ಹೇಳಿದ ನಾಲ್ಕೈದು ಫಂಕ್ಷನ್‌ಗಳು ಇಲ್ಲಿ ಸಹಜವಾಗಿ ಕೂರುತ್ತವೆ, ಪ್ರಯಾರಿಟಿ ಎರಡು ಬಾರಿ ಬಂದಿಲ್ಲ ಎಂಬ ಯೂನಿಟ್ ಟೆಸ್ಟ್ ಐದು ಸಾಲಿನ ಕೆಲಸ. ಕನ್ಸೋಲಿನಿಂದ ತಂದ ಜೇಸನ್ ಅಂಟಿಸಲು ಹೋದರೆ ತೊಡಕು: ಅಲ್ಲಿ ಕೀಗಳ ಮೊದಲಕ್ಷರ ದೊಡ್ಡದು, ಸಿಡಿಕೆಯಲ್ಲಿ ಚಿಕ್ಕದು. ‘ಆ್ಯಡ್ ಪ್ರಾಪರ್ಟಿ ಓವರ್‌ರೈಡ್’ ಬಳಸಿದರೆ ದಾಟಬಹುದು, ಆದರೆ ಆಗ ಟೈಪಿನ ಕಾವಲು ಹೋಯಿತು.

ನೋಡ್, ಎನ್‌ಪಿಎಂ, ಬೂಟ್‌ಸ್ಟ್ರಾಪ್ ಇವೆಲ್ಲ ಎಂಟು ರೂಲಿಗಾಗಿ ಕಟ್ಟಿಕೊಳ್ಳುವ ಹೊರೆಯಲ್ಲ. ಇಂಥದೇ ಇನ್ನೊಂದು ಸಾಧನವಾದ ಪುಲುಮಿ ಬಗ್ಗೆ ಕೇಳುವವರಿಗೆ: ಅದರ ಹಳೆಯ ಎಡಬ್ಲ್ಯುಎಸ್ ಪ್ರೊವೈಡರ್ ಟೆರಾಫಾರ್ಮಿನದನ್ನೇ ಸುತ್ತಿಕೊಂಡದ್ದು, ಹಾಗಾಗಿ ಬ್ಲಾಕುಗಳ ಆಳದ ಕಟ್ಟು ಅಲ್ಲಿಗೂ ಬರುತ್ತದೆ.

ಕ್ಲೌಡ್‌ಫ್ಲೇರ್, ಗೂಗಲ್ ಕ್ಲೌಡ್ ಆರ್ಮರ್ ಎಂಬ ಬೇರೆ ವಾಫ್‌ಗಳನ್ನು ಬಳಸುವವರಿಗೆ ಈ ಮರದ ಜಂಜಾಟವೇ ಇಲ್ಲ. ರೂಲು ಎಂದರೆ ಒಂದು ಎಕ್ಸ್‌ಪ್ರೆಶನ್ ಸ್ಟ್ರಿಂಗು, ತರ್ಕವೆಲ್ಲ ಆವರಣ ಚಿಹ್ನೆಗಳೊಳಗೆ. ಡಿಫ್ ಒಂದೇ ಸಾಲು. ಬದಲಿಗೆ ಮಿತಿ ಬೇರೆ ಕಡೆ: ಕ್ಲೌಡ್ ಆರ್ಮರಿನಲ್ಲಿ ಒಂದು ರೂಲಿಗೆ ಐದು ಉಪ ಎಕ್ಸ್‌ಪ್ರೆಶನ್, ಕ್ಲೌಡ್‌ಫ್ಲೇರಿನ ಉಚಿತ ಪ್ಲಾನಿನಲ್ಲಿ ಐದು ಕಸ್ಟಮ್ ರೂಲು.

ಸ್ವಂತ ಸರ್ವರ್ ಇದ್ದವರಿಗೆ ಸೆಕ್‌ಲ್ಯಾಂಗ್

ಕಾಲೇಜಿನ ಸರ್ವರ್ ರೂಮಿನಲ್ಲೇ ಎಂಜಿನ್‌ಎಕ್ಸ್ ವೆಬ್ ಸರ್ವರ್ ಓಡಿಸುವವರಿಗೆ ಮಾಡ್‌ಸೆಕ್ಯುರಿಟಿ ಅಥವಾ ಗೋ ಭಾಷೆಯ ಕೊರಾಜಾ. ಮಾಡ್‌ಸೆಕ್ಯುರಿಟಿ 2024ರ ಜನವರಿಯಲ್ಲಿ ಟ್ರಸ್ಟ್‌ವೇವ್ ಕಂಪನಿಯಿಂದ, ವೆಬ್ ಸುರಕ್ಷತೆಯ ಸಂಸ್ಥೆಯಾದ ಓವಾಸ್ಪ್ ಕೈಗೆ ಬಂತು. ಓವಾಸ್ಪ್ ಕೋರ್ ರೂಲ್ ಸೆಟ್ಟಿನ ನಾಲ್ಕನೇ ಆವೃತ್ತಿ ಅದೇ ಫೆಬ್ರವರಿಯಲ್ಲಿ. ಇಲ್ಲಿ ರೂಲೇ ಕೋಡು, ಬೇರೆ ರೂಪಕ್ಕೆ ತರುವ ಪ್ರಶ್ನೆಯಿಲ್ಲ. ಒಂದು ಸಾಲು ಒಂದು ರೂಲು. ಆ್ಯಂಡ್ ಬೇಕಾದರೆ ‘ಚೈನ್’, ನಾಟ್‌ಗೆ ಆಪರೇಟರಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ, ಆರ್‌ಗೆ ರೀಜೆಕ್ಸ್ ಅಥವಾ ಪದಗಳ ಪಟ್ಟಿ. ಮರವಿಲ್ಲ, ಆದ್ದರಿಂದ ನಮ್ಮ ನಾಲ್ಕು ಹಂತದ ರೂಲನ್ನು ಇಲ್ಲಿಯೂ ವೇರಿಯಬಲ್ ಇಟ್ಟು ಚಪ್ಪಟೆ ಮಾಡಲೇಬೇಕು.

ನಿಮ್ಮ ರೂಲಿನ ಐಡಿ 1ರಿಂದ 99,999ರೊಳಗೆ ಇರಲಿ. 9,00,000ದಿಂದ 9,99,999ರವರೆಗಿನದು ಕೋರ್ ರೂಲ್ ಸೆಟ್ಟಿನದು. ವಿನಾಯಿತಿಗಳ ಜಾಗ ತಪ್ಪುವುದು ಸಾಮಾನ್ಯ: ರಿಕ್ವೆಸ್ಟ್ ನೋಡಿ ಆಗಲೇ ರೂಲು ಕಳಚುವ ‘ಸಿಟಿಎಲ್’ ಬಗೆಯದು ಕೋರ್ ಸೆಟ್ಟಿಗೆ ಮುಂಚೆ, ಐಡಿ ಹೇಳಿ ಟಾರ್ಗೆಟ್ ತಿದ್ದುವ ಬಗೆಯದು ನಂತರ. ರೀಲೋಡಿಗೆ ಮುಂಚೆ ಕಾನ್ಫಿಗ್ ಟೆಸ್ಟ್ ಓಡಿಸಿ.

ಕನ್ನಡ ಅಕ್ಷರಕ್ಕೆ ಒಂಬತ್ತು ಬೈಟು

ರೂಪ ಯಾವುದಾದರೂ, ನಮ್ಮ ಕಡೆಯ ಸೈಟುಗಳಿಗೆ ಈ ಭಾಗ ಬೇಕೇಬೇಕು. ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟು 3 ಬೈಟು. ಸಾದಾ ಫಾರ್ಮ್ ಕಳಿಸುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಹೊತ್ತು ಮೂರಾಗುತ್ತದೆ, ಒಟ್ಟು 9. ‘ಕಲಬುರಗಿ’ ಎಂಬಲ್ಲಿ ಸ್ವರಚಿಹ್ನೆ ಸೇರಿ 7 ಕೋಡ್ ಪಾಯಿಂಟು, ಕಳಿಸುವಾಗ 63 ಬೈಟು. ಬೀದರಿನಲ್ಲಿ ಮರಾಠಿಯಲ್ಲಿ ತುಂಬುವವರಿಗೂ ಇದೇ ಲೆಕ್ಕ. ಉರ್ದು ಅಕ್ಷರಕ್ಕೆ 6.

ಎಡಬ್ಲ್ಯುಎಸ್ ಕೋರ್ ರೂಲ್ ಸೆಟ್ಟು 2,048 ಬೈಟು ದಾಟಿದ ಕ್ವೆರಿ ಸ್ಟ್ರಿಂಗನ್ನು ತಡೆಯುತ್ತದೆ. ಕನ್ನಡದಲ್ಲಿ ಅದು 227 ಕೋಡ್ ಪಾಯಿಂಟು, ಹುಡುಕಾಟದ ಪುಟಕ್ಕೆ ಸಾಕು, ಗೆಟ್‌ನಿಂದ ದೂರು ಕಳಿಸುವ ಹಳೆಯ ಫಾರ್ಮಿಗೆ ಸಾಲದು. ಬಾಡಿ 8,192 ಬೈಟು ದಾಟಿದರೆ ತಡೆ, ಅಂದರೆ ಸಾದಾ ಫಾರ್ಮಿನಲ್ಲಿ ಸುಮಾರು 910 ಕೋಡ್ ಪಾಯಿಂಟು. ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದಾಗ ಸರಿಯಿದ್ದ ಅರ್ಜಿ ಕನ್ನಡದಲ್ಲಿ ಒಂದು ಪುಟ ಬರೆದೊಡನೆ 403 ಕೊಡುವುದು ಇದರಿಂದಲೇ. ಅಂಕಪಟ್ಟಿಯ ಫೋಟೋ ಅಪ್‌ಲೋಡ್ ಅಂತೂ ಯಾವಾಗಲೂ 8 ಕೆಬಿ ಮೀರುತ್ತದೆ.

ಇದನ್ನು ಕೋಡಿನಲ್ಲಿ ಹೇಳುವ ಸರಿಯಾದ ರೀತಿ: ಮ್ಯಾನೇಜ್ಡ್ ಗ್ರೂಪಿನ ಆ ಒಂದು ರೂಲಿಗೆ ‘ರೂಲ್ ಆಕ್ಷನ್ ಓವರ್‌ರೈಡ್’ ಕೊಟ್ಟು ಕೌಂಟ್ ಮಾಡಿ, ಅದು ಹಚ್ಚುವ ಲೇಬಲ್ ಇದ್ದು ಪಾತ್ ಅಪ್‌ಲೋಡಿನದ್ದಲ್ಲದಿದ್ದರೆ ತಡೆಯುವ ರೂಲನ್ನು ನಿಮ್ಮ ಗ್ರೂಪಿನಲ್ಲಿಡಿ. ನಿಮ್ಮ ಗ್ರೂಪು ಮ್ಯಾನೇಜ್ಡ್ ಗ್ರೂಪಿನ ನಂತರ ಓಡಬೇಕು. ಲೇಬಲ್ಲಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಲೆಕ್ಕಕ್ಕಿದೆ: ರೂಲಿನ ಹೆಸರಿನಲ್ಲಿ ‘ಬಾಡಿ’ ಪೂರ್ತಿ ದೊಡ್ಡಕ್ಷರ, ಲೇಬಲ್ಲಿನಲ್ಲಿ ಮೊದಲಕ್ಷರ ಮಾತ್ರ. ನೋಡದೆ ಬರೆದರೆ ರೂಲು ಸುಮ್ಮನೆ ಕೂರುತ್ತದೆ.

ಓವಾಸ್ಪ್ ಸೆಟ್ಟಿನಲ್ಲಿ ಪ್ಯಾರನಾಯ್ಡ್ ಮಟ್ಟವನ್ನು (ತಪಾಸಣೆ ಎಷ್ಟು ಕಟ್ಟುನಿಟ್ಟು ಎಂಬುದನ್ನು) 3ಕ್ಕೆ ಏರಿಸಿದರೆ 920272ನೇ ರೂಲು ಇಂಗ್ಲಿಷ್ ಕೀಲಿಮಣೆಯ ಅಕ್ಷರಗಳಾಚೆಗಿನದನ್ನೆಲ್ಲ ಹಿಡಿಯುತ್ತದೆ, 5 ಅಂಕ ಹಾಕುತ್ತದೆ. ಒಳಬರುವ ರಿಕ್ವೆಸ್ಟನ್ನು ತಡೆಯುವ ಅಂಕದ ಮಿತಿಯೂ ಮೊದಲೇ 5. ಅಂದರೆ ಕನ್ನಡದಲ್ಲಿ ಹೆಸರು ಬರೆದ ಪ್ರತಿಯೊಬ್ಬರೂ ಹೊರಗೆ. ಕನ್ನಡ ತುಂಬುವ ಫಾರ್ಮುಗಳ ಪಾತ್‌ನಲ್ಲಿ ಆ ರೂಲನ್ನು ಕಳಚಿ, ಅಥವಾ ಮಟ್ಟ 2ರಲ್ಲೇ ಇರಿ.

ದರ ಮಿತಿಗೂ ಇದೇ ಎಚ್ಚರ. ಹಾಸ್ಟೆಲ್, ಲ್ಯಾಬ್, ಸೈಬರ್ ಕೆಫೆ ಎಲ್ಲ ಒಂದೊಂದೇ ಹೊರ ಐಪಿಯ ಹಿಂದೆ. ಮೊಬೈಲ್ ಕಂಪನಿಗಳೂ ಬಹಳ ಜನರನ್ನು ಒಂದೇ ಐಪಿವಿ4 ವಿಳಾಸದ ಹಿಂದೆ ಇಡುತ್ತವೆ. ಐದು ನಿಮಿಷಕ್ಕೆ 100 ಎಂದು ಇಟ್ಟರೆ ಫಲಿತಾಂಶದ ದಿನ ಮೊದಲು ಬೀಳುವುದು ನಿಮ್ಮದೇ ಹಾಸ್ಟೆಲ್. ಅವಧಿಯನ್ನು 60, 120, 300, 600 ಸೆಕೆಂಡಿಗೆ ಹೊಂದಿಸಬಹುದು. ಐಪಿ ಜೊತೆಗೆ ಕುಕೀ ಅಥವಾ ಹೆಡರನ್ನು ಕೀಯಾಗಿ ಸೇರಿಸಬಹುದು, ಪ್ರತಿ ಕೀಗೆ 30 ಡಬ್ಲ್ಯುಸಿಯು. ಕೆಪ್ಯಾಸಿಟಿ ಬರೆಯುವ ಮುಂಚೆಯೇ ಇದನ್ನು ತೀರ್ಮಾನಿಸಿ.

ಕನ್ಸೋಲಿನಿಂದ ಕೋಡಿಗೆ ಸಾಗಿಸುವಾಗ

ಈಗಿರುವ ಗ್ರೂಪನ್ನು ‘ಗೆಟ್ ರೂಲ್ ಗ್ರೂಪ್’ ಕರೆಯಿಂದ ಇಳಿಸಿಕೊಳ್ಳಿ. ಅದರಲ್ಲಿ ಬರುವ ಲಾಕ್ ಟೋಕನ್ ಕೋಡಿಗೆ ಬೇಡ. ಅದು ಇಬ್ಬರು ಒಟ್ಟಿಗೇ ತಿದ್ದದಂತೆ ತಡೆಯುವ ಚೀಟಿ. ಅಪ್ಲೈ ನಡುವೆ ಆಪ್ಟಿಮಿಸ್ಟಿಕ್ ಲಾಕ್ ಎರರ್ ಬಂದರೆ ಯಾರೋ ಕನ್ಸೋಲಿನಲ್ಲಿ ಕೈ ಆಡಿಸುತ್ತಿದ್ದಾರೆ ಎಂದರ್ಥ. ಮರದ ಆಳ ಎಣಿಸಿ. ಮೂರರೊಳಗಿದ್ದರೆ ಬ್ಲಾಕು, ಇಲ್ಲದಿದ್ದರೆ ಬಿಚ್ಚಲು ನೋಡಿ, ಆಗದಿದ್ದರೆ ಜೇಸನ್. ಟೆರಾಫಾರ್ಮ್ 1.5ರಿಂದ ಇರುವ ಇಂಪೋರ್ಟ್ ಬ್ಲಾಕಿನಲ್ಲಿ ಐಡಿ, ಹೆಸರು, ಸ್ಕೋಪ್ ಮೂರನ್ನೂ ಓರೆಗೆರೆಯಿಂದ ಜೋಡಿಸಿ ಕೊಡಬೇಕು. ಪ್ಲಾನ್ ಖಾಲಿ ಬರುವ ತನಕ ಅಪ್ಲೈ ಮಾಡಬೇಡಿ. ಕೆಪ್ಯಾಸಿಟಿಯನ್ನು ಇದ್ದ ಹಾಗೇ ಬರೆಯಿರಿ, ಅದನ್ನು ತಿದ್ದುವ ಹೊತ್ತು ಇದಲ್ಲ.

ಆಮೇಲೆ ಲಾಗು ತೆರೆಯಿರಿ. ಲಾಗ್ ಗ್ರೂಪಿನ ಹೆಸರು ‘ಎಡಬ್ಲ್ಯುಎಸ್, ವಾಫ್, ಲಾಗ್ಸ್’ ಪದಗಳ ನಡುವೆ ಅಡ್ಡಗೆರೆಯಿಟ್ಟು ಶುರುವಾಗದಿದ್ದರೆ ವಾಫ್ ಅದಕ್ಕೆ ಬರೆಯುವುದೇ ಇಲ್ಲ. ಕನ್ಸೋಲಿನ ಸ್ಯಾಂಪಲ್ ರಿಕ್ವೆಸ್ಟುಗಳಲ್ಲಿ ಕಳೆದ ಮೂರು ಗಂಟೆಯದ್ದು ಮಾತ್ರ ಸಿಗುವುದರಿಂದ ರಾತ್ರಿಯ ದಾಳಿಯನ್ನು ಬೆಳಿಗ್ಗೆ ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಹೊಸ ರೂಲನ್ನು ಕೌಂಟ್‌ನಲ್ಲಿ ಹಾಕಿ, ಕನ್ನಡ ಅರ್ಜಿ, ಫೋಟೋ ಅಪ್‌ಲೋಡ್, ಹಾಸ್ಟೆಲ್ ಐಪಿ ಮೂರೂ ಒಮ್ಮೆಯಾದರೂ ಲಾಗಿನಲ್ಲಿ ಹಾದುಹೋದದ್ದು ನೋಡಿದ ಮೇಲೆ ತಡೆಗೆ ಬದಲಿಸಿ. ಆ ಬದಲಾವಣೆ ಫಲಿತಾಂಶದ ಹಿಂದಿನ ಸಂಜೆಗೆ ಬೇಡ.